ಒಂದು ಹತ್ತರ ಗಾಳಿ

"ಇಪ್ಪತ್ತೆರಡು ಸಾಲು! ಎಲ್ಲಾದ್ರಾಗೂ ನಿನ್ನ ಹೆಸರಾ ಅದ. ಇನ್ನೇನ್ ಸಾಕ್ಷಿ ಬೇಕಲೇ ಬೀರೇಶಾ?"

ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಪಂಪಾಪತಿ ಮೇಜಿನ ಮೇಲೆ ಕಾಗದ ಕುಟ್ಟಿದರು. ಅಕ್ಕಿಯಲ್ಲಿನ ಕಪ್ಪು ಕಾಳನ್ನು ಗಾಳಿಯಿಂದ ಊದಿ ತೆಗೆಯುವ ಯಂತ್ರ ತಿಂಗಳಿಂದ ಹಠ ಹಿಡಿದಿತ್ತು. ನಿಂತಾಗಲೆಲ್ಲ ತನ್ನ ದಾಖಲೆ ಕಡತವಾದ ಲಾಗ್‌ನಲ್ಲಿ ನಾಲ್ಕು ಸಾಲು ಬರೆದಿಡುತ್ತಿತ್ತು. ಅದನ್ನು ನಡೆಸುವವನು ಬೀರೇಶ. ಕೆಲಸ ಹೋದರೆ ಮತ್ತೆ ದೇವದುರ್ಗ, ಮತ್ತೆ ಮಾವನ ಕುರಿ.

ಬೀರೇಶ: ನಾ ಮುಟ್ಟೇ ಇಲ್ರಿ ಧಣಿ. ತಾನಾ ನಿಂದ್ರತದ.

ಪಂಪಾಪತಿ: ತಾನಾ ನಿಂದ್ರಾಕ ಅದೇನು ಎಮ್ಮೇನಲೇ?

ಕಂಪ್ಯೂಟರ್ ನೋಡಿಕೊಳ್ಳುವ ದೇವಿಕಾ ಕುರ್ಚಿ ತಿರುಗಿಸಿದಳು.

ದೇವಿಕಾ: ಸಾಹುಕಾರ್ರ, ಇವನ ಹೆಸರಿದ್ದ ಸಾಲಷ್ಟಾ ಹುಡುಕಿ ತಗದೀರಿ. ಪ್ರತಿ ಸಲದ ಉಳಿದ ಮೂರು ಸಾಲು?

ಪಂಪಾಪತಿ: ಅವು ಯಾವ ದಿನದವು ಅಂತ ಹೆಂಗ ತಿಳೀಬೇಕು? ತಾರೀಖು ಮೊದಲ್ನೇ ಸಾಲಿಗಷ್ಟಾ ಅದ.

ದೇವಿಕಾ: ಅದಕ್ಕಾ ಕಂಪ್ಯೂಟರಿಗೆ ಒಂದು ಸಣ್ಣ ಪ್ರೋಗ್ರಾಂ ಬರದೀನ್ರಿ. ತಾರೀಖು ಬಂದ್ರ ಹೊಸಾ ದಾಖಲಿ ಶುರು. ಮುಂದಿನ ತಾರೀಖು ಬರೂತನಕ ಎಲ್ಲಾ ಸಾಲೂ ಅದರವಾ.

ಬೀರೇಶ: ಅಂದ್ರ ತಾರೀಖು ಗಂಟಿ ಕಟ್ಟಿದ ಟಗರು ಬಿಡ್ರಿ ಅಕ್ಕಾರ. ಹಿಂದ ಬಂದ ಕುರಿ ಎಲ್ಲಾ ಅದರ ಹಿಂಡು.

ಪಂಪಾಪತಿ: ನೌಕರಿ ಹೋಗಾಕತ್ತದ, ಇವಗ ಕುರಿ ಚಿಂತಿ!

ಬೀರೇಶ: ನೌಕರಿ ಹೋದ್ರ ಕುರಿ ಕಾಯಾಕಾ ಹೋಗೂದಲ್ರಿ ಮತ್ತ.

ದೇವಿಕಾ ಕೀಲಿ ಒತ್ತಿದಳು. ಯಂತ್ರ ನಿಂತ ದಾಖಲೆಗಳಷ್ಟೇ ಸೋಸಿ ಬಂದವು, ಒಂದೊಂದೂ ಇಡಿಯಾಗಿ.

ದೇವಿಕಾ: ಕೇಳ್ರಿ. "ಮಧ್ಯಾಹ್ನ ಒಂದು ಹತ್ತು. ಯಂತ್ರ ನಿಂತಿದೆ. ಪಾಳಿ: ಬೀರೇಶ. ಕಾರಣ: ಗಾಳಿ ಸಾಲದು." ಇಪ್ಪತ್ತೆರಡೂ ಹಿಂಗಾ ಅವ. ಎಲ್ಲಾ ಒಂದು ಹತ್ತರ ಆಜೂಬಾಜು.

ಪಂಪಾಪತಿ: ಅಂದ್ರ ಯಾವನೋ ನನ್ನ ಗಾಳಿ ಕದ್ದಾನ! ಸೂಗೂರೇಶ ದೇವರ ಆಣಿ, ಅವ ಯಾವನಿದ್ರೂ ಇವತ್ತಾ ಗೇಟಿನ ಹೊರಗ!

ಬೀರೇಶನಿಗೆ ಈಗ ಹೊಳೆಯಿತು. ನಗು ತಡೆಯಲು ತುಟಿ ಕಚ್ಚಿಕೊಂಡ.

ಬೀರೇಶ: ಊಟಕ್ಕ ಹೋಗೂ ಮುಂದ ದಿನಾ ಒಬ್ರು ಈ ಮಷಿನ್ನಿನ ಗಾಳಿ ಪೈಪ್ ಹಿಡದು ಅಂಗಿ ಮ್ಯಾಲಿನ ತೌಡು ಹಾರಿಸ್ಕೊಂತಾರ್ರಿ, ಧಣಿ.

ಪಂಪಾಪತಿ: ಹೆಸರು ಹೇಳಲೇ!

ದೇವಿಕಾ: ಹೋದ ಸೋಮವಾರ ಮಷಿನ್ ನಿಂತಿಲ್ರಿ. ಅವತ್ತು ನೀವು ದೇವಸುಗೂರಿನ ಗುಡಿಗೆ ಹೋಗಿದ್ರಿ.

ಪಂಪಾಪತಿ ತಮ್ಮ ಬಿಳಿ ಅಂಗಿ ನೋಡಿಕೊಂಡರು. ಗಡಿಯಾರ ನೋಡಿದರು. ಒಂದು ಎಂಟು.

ಪಂಪಾಪತಿ: ಆಣಿ ಅಂದ್ರ ಆಣಿ. ಗೇಟಿನ ಹೊರಗ ಹೊಂಟೆ... ಊಟ ಮಾಡಿ ಬರ್ತೀನಿ.

ಎದ್ದವರ ಕೈ ರೂಢಿಯಂತೆ ಬಾಗಿಲ ಪಕ್ಕದ ಗಾಳಿ ಪೈಪಿನ ಕಡೆ ಹೋಯಿತು. ಬೀರೇಶ ಹೆಗಲ ಮೇಲಿನ ಟವೆಲ್ ತೆಗೆದು ಅಡ್ಡ ಹಿಡಿದ.

ಬೀರೇಶ: ಇದ್ರಲೆ ಝಾಡಿಸ್ಕೋರಿ ಧಣಿ. ಟವೆಲ್ಲಿಗೆ ಲಾಗ್ ಬರಿಯೂ ಚಟ ಇಲ್ಲ.