ಶಿಮ್ಲಾಕ್ಕೆ ಹೊರಟ ಸ್ವೆಟರು

ಪ್ರವಾಸ ಹೋಗಿ ಬಂದವರ ಹತ್ತಿರ ಫೋಟೋಗಳಿರುತ್ತವೆ. ಹೊರಟು ನಿಂತು ಹೋಗದೇ ಉಳಿದವರ ಹತ್ತಿರ ಬರೀ ಫಜೀತಿಗಳು, ಅವೂ ಒಂದರ ಬಾಲ ಹಿಡಿದು ಇನ್ನೊಂದು. ನಾನು, ನನ್ನ ಹೆಂಡತಿ ಶಿಮ್ಲಾಕ್ಕೆ ಹೊರಡುವುದರಲ್ಲೇ ಒಂದು ಸಂಸಾರ ಮುಗಿಸಿದೆವು. ಧಾರವಾಡದ ಕಡೆಯವರು ನಾವು. ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ಎತ್ತಿ ಒಗೆದಿದ್ದರು. ಮಕ್ಕಳಿಲ್ಲ, ಇಬ್ಬರೇ. ಆಕೆಗಿದ್ದದ್ದು ಒಂದೇ ಆಸೆ, ಜೀವ ಇರುವಾಗ ಒಮ್ಮೆ ಹಿಮದ ಮೇಲೆ ಕಾಲಿಡಬೇಕು ಅಂತ. ಆ ಆಸೆಯ ಬೆನ್ನು ಹತ್ತಿ ಆದದ್ದನ್ನು ಹೇಳುತ್ತೇನೆ. ನಗಬೇಕೆನಿಸಿದರೆ ನಗಿರಿ. ನನಗೆ ಈಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಶಿಮ್ಲಾದ ಭಾನುವಾರ

ಶಿಮ್ಲಾ ನಮ್ಮ ಮನೆಗೆ ಬಂದದ್ದು ಕ್ಯಾಲೆಂಡರಿನ ರೂಪದಲ್ಲಿ. ಬ್ಯಾಂಕಿನ ಗಿರಾಕಿಯೊಬ್ಬರು ಕೊಟ್ಟದ್ದು. ಮೇಲೆ ಹಿಮ ಮುಚ್ಚಿದ ಬೆಟ್ಟ, ಕೆಳಗೆ ಒಂದೇ ಹಾಳೆಯಲ್ಲಿ ಹನ್ನೆರಡೂ ತಿಂಗಳು. ಇಬ್ರಾಹಿಂಪಟ್ನಂನಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಬಗಲಿಗೇ ಇದ್ದರೂ ನಮ್ಮ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತಿತ್ತು. ಆಕೆ ರೊಟ್ಟಿ ಬಡಿಯುವಾಗ ಸೆರಗಿನಿಂದ ಬೆವರು ಒರೆಸಿಕೊಂಡು ಆ ಬೆಟ್ಟ ನೋಡುತ್ತಿದ್ದಳು. ನೋಡಿದರೇ ತಣ್ಣಗಾಗುತ್ತದಂತೆ.

ವರ್ಷ ಮುಗಿಯಿತು, ಕ್ಯಾಲೆಂಡರು ಇಳಿಯಲಿಲ್ಲ. ಹೊಸದನ್ನು ಬಾಗಿಲ ಹಿಂದೆ ತೂಗುಹಾಕಿದಳು. ಆಂಧ್ರದ ಸಂಕ್ರಾಂತಿ ಅಂದರೆ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಸಾಲು ರಜೆ ಕಳೆದು ಯಾವ ವಾರ ಅನ್ನುವುದೇ ಮರೆತಿತ್ತು. ಬೆಳಿಗ್ಗೆ ಎದ್ದವನು ಅಭ್ಯಾಸಬಲದಿಂದ ಹೋದ ವರ್ಷದ ಶಿಮ್ಲಾದ ಕಡೆಗೇ ನೋಡಿದೆ, ಕೆಂಪಕ್ಷರ, ಭಾನುವಾರ. ಆಕೆ ಎಣ್ಣೆ ಕಾಯಿಸಿದಳು. ನಾನು ತಲೆ ತುಂಬ ಎಣ್ಣೆ ಮೆತ್ತಿಕೊಂಡು ಕೂತಿರುವಾಗ ಬ್ಯಾಂಕಿನ ಜವಾನ ಸೈಕಲ್ ಇಳಿದ. ತಿಜೋರಿ ತೆರೆಯಲು ಬೇಕಾದ ಎರಡು ಕೀಲಿಕೈಗಳಲ್ಲಿ ಒಂದು ನನ್ನ ಹತ್ತಿರ ಇತ್ತು. ಬ್ರಾಂಚಿನ ಮುಂದೆ ಜನ ಸಾಲುಗಟ್ಟಿದ್ದರು.

ಓಡಿದೆ. ಕಿವಿಯಿಂದ ಎಣ್ಣೆ ಇಳಿಯುತ್ತಿದ್ದವನನ್ನು ಮ್ಯಾನೇಜರು ಮೇಲಿಂದ ಕೆಳಗೆ ನೋಡಿದರು. ನಾನು ಭಾನುವಾರ ಅಂದುಕೊಂಡೆ ಸಾರ್ ಅಂದೆ. ಯಾವೂರಲ್ಲಿ ಅಂತ ಕೇಳಿದರು.

ಶಿಮ್ಲಾದಲ್ಲಿ ಅಂದುಬಿಟ್ಟೆ.

ಜ್ವರಕ್ಕೊಂದು ಸ್ವೆಟರು

ರಜೆ ಕೇಳುವ ಮೊದಲೇ ಸ್ವೆಟರು ಕೊಳ್ಳಬೇಕೆಂದು ಆಕೆ ಹಟ ಹಿಡಿದಳು. ಸ್ವೆಟರು ಮನೆಯಲ್ಲಿದ್ದರೆ ರಜೆ ತಾನಾಗಿ ಬರುತ್ತದೆ ಅನ್ನುವುದು ಆಕೆಯ ಲೆಕ್ಕ. ವಿಜಯವಾಡದಲ್ಲಿ ಮೇ ತಿಂಗಳು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒನ್ ಟೌನ್ ಅನ್ನುವ ಹಳೇ ಪೇಟೆಯ ಸಗಟು ಬಟ್ಟೆ ಅಂಗಡಿಗಳ ಓಣಿಯಲ್ಲಿ ಸ್ವೆಟರ್ ಇದೆಯಾ ಅಂತ ಕೇಳುತ್ತ ಹೊರಟ ಇಬ್ಬರನ್ನು ಜನ ನಿಂತು ನೋಡಿದರು.

ಒಬ್ಬ ವ್ಯಾಪಾರಿ ಮಾತ್ರ ಏನೂ ಕೇಳದೆ ಕುರ್ಚಿ ಹಾಕಿಸಿದ. ಆಕೆಯ ಮುಖವನ್ನೇ ಕನಿಕರದಿಂದ ನೋಡಿ, "ಜ್ವರಮಾ ಅಮ್ಮಾ?" ಅಂದ. ಅವನ ಭಾವಮೈದುನನಿಗೂ ಹೀಗೇ ಮಲೇರಿಯಾ ಬಂದು ಬಿಸಿಲಲ್ಲಿ ನಡುಗುತ್ತಿದ್ದನಂತೆ. ಅಲ್ಲಪ್ಪ, ಶಿಮ್ಲಾಕ್ಕೆ ಹೊರಟಿದ್ದೇವೆ ಅಂದರೆ, ಜ್ವರ ತಲೆಗೇರಿದೆ ಅನ್ನುವ ಹಾಗೆ ತಲೆಯಾಡಿಸಿದ. ಮೇಲಿನ ಅಟ್ಟದಿಂದ ಒಂದು ಗಂಟು ಇಳಿಸಿದ, ಹೋದ ಚಳಿಗಾಲದಲ್ಲಿ ಮಾರದೇ ಉಳಿದದ್ದು. ಆಕೆ ಅದರೊಳಗಿಂದ ಒಂದು ಕೆಂಪು ಸ್ವೆಟರು ಆರಿಸಿ ಅಲ್ಲೇ ತೊಟ್ಟು ಕನ್ನಡಿ ಕೇಳಿದಳು. ಕನ್ನಡಿ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಬಟ್ಟೆ ಥಾನಿನ ಮೇಲೆ ಕುಸಿದಳು. ನೀರು ಚಿಮುಕಿಸಿ, ಸೋಡಾ ಕುಡಿಸಿದೆವು. ಉಣ್ಣೆಯ ಸೆಕೆ ಅಂತ ನಾನೂ ಅಂದೆ, ಆಕೆಯೂ ಅಂದಳು.

ಹೊರಡುವಾಗ ವ್ಯಾಪಾರಿ ನನ್ನನ್ನು ಪಕ್ಕಕ್ಕೆ ಕರೆದ. ಸ್ವೆಟರಿನಿಂದ ಜ್ವರ ಇಳಿಯದಿದ್ದರೆ ಕಂಬಳಿಯೂ ಇದೆ ಅಂದ.

ಪುಣ್ಯ ಬಂದದ್ದು ಯಾರಿಗೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಮ್ಮ ಮ್ಯಾನೇಜರು. ಒಂದು ವರ್ಷ ಆಡಿಟ್ ಅಂದರು, ಒಂದು ವರ್ಷ ಇಲೆಕ್ಷನ್ ಅಂದರು. ಕಡೆಗೊಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ರಜೆ ಕೊಟ್ಟರು. ರೈಲು ಟಿಕೆಟ್ಟೂ ಸಿಕ್ಕಿತು. ಆಕೆ ಮೂರು ಸಲ ಟ್ರಂಕು ತುಂಬಿ ಮೂರು ಸಲ ಖಾಲಿ ಮಾಡಿದಳು.

ನಾವು ಮರೆತದ್ದು ಒಂದೇ. ಆ ವರ್ಷ ಕೃಷ್ಣಾ ಪುಷ್ಕರ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಣ್ಯಸ್ನಾನ, ನಮ್ಮ ಮನೆಯೋ ಹೊಳೆಯಿಂದ ನಡೆದು ಹೋಗುವಷ್ಟು ದೂರ. ಬಸ್ಸು ತುಂಬುವಷ್ಟು ನೆಂಟರು ಧಾರವಾಡದಿಂದ ಹಾಸಿಗೆ ಸಮೇತ ಇಳಿದರು. ಮುಂದೆ ನನ್ನ ಸೋದರತ್ತೆ. ನಾವು ಊರಲ್ಲಿರುವುದಿಲ್ಲ ಅನ್ನಲು ಬಾಯಿ ತೆರೆದೆ. ಪುಣ್ಯಾ ಮನೀ ಬಾಗಲಿಗೆ ಬಂದಾಗ ಶಿಮ್ಲಾಕ್ಕ ಹೋಗ್ತೀಯೇನೋ ಅಂತ ಅತ್ತೆ ಬಾಯಿ ಮುಚ್ಚಿಸಿದಳು. ಟಿಕೆಟ್ಟು ವಾಪಸಾಯಿತು. ನನಗೆ ಅಳು ಬಂದಿತ್ತು, ಖರೇ ಹೇಳುತ್ತೇನೆ. ನನ್ನ ಹೆಂಡತಿ ಮಾತ್ರ ಅಡಿಗೆಮನೆಗೆ ಹೋದವಳು ಪುಷ್ಕರ ಮುಗಿಯುವವರೆಗೂ ಈಚೆ ಬರಲಿಲ್ಲ.

ನಸುಕಿಗೇ ಮುಳುಗೆದ್ದು ನಡುಗುತ್ತ ಬಂದ ಅತ್ತೆಗೆ ಆಕೆ ತನ್ನ ಕೆಂಪು ಸ್ವೆಟರೇ ತೊಡಿಸಿದಳು. ಅತ್ತೆ ಅದನ್ನು ಬಿಚ್ಚಲೇ ಇಲ್ಲ. ರೈಲಿನಲ್ಲಿ ಥಂಡಿ ಅಂತ ತೊಟ್ಟೇ ಊರಿಗೆ ಹೋದಳು. ಮರುವರ್ಷ ಬದರಿ ಯಾತ್ರೆ ಮುಗಿಸಿ ಬಂದಮೇಲೆ ಯಾರ ಕೈಯಲ್ಲೋ ವಾಪಸು ಕಳಿಸಿದಳು. ಸ್ವೆಟರು ಭಾಳ ಚಲೋ ಅದ, ಬರ್ಫಿನ್ಯಾಗ ಛಳೀನ ಹತ್ತಲಿಲ್ಲ ಅಂತ ಹೇಳಿ ಕಳಿಸಿದ್ದಳು.

ನನ್ನ ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು ತೋಳು ಸರಿಮಾಡಿ ಮಡಿಸಿದಳು. "ನನಗ ಹೇಳದನ ಹೋಗಿ ಬಂತು ನೋಡ್ರಿ" ಅಂದಳು.

ಮೆಟ್ಟಿಲ ಅಭ್ಯಾಸ

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಶಿಮ್ಲಾ ನೋಡಿ ಬಂದ ಸಹೋದ್ಯೋಗಿಯೊಬ್ಬ ಹೆದರಿಸಿದ. ಆ ಊರಲ್ಲಿ ಹಾಲು ತರಬೇಕಾದರೂ ಬೆಟ್ಟ ಹತ್ತಬೇಕಂತೆ, ಮೊದಲೇ ಅಭ್ಯಾಸ ಮಾಡಬೇಕಂತೆ. ಸರಿ, ಸಿಂಹಾಚಲದ ಮೆಟ್ಟಿಲು ಹತ್ತಲು ಹೋದೆವು. ದೇವರೂ ಆಯಿತು, ಅಭ್ಯಾಸವೂ ಆಯಿತು ಅಂತ. ಇನ್ನೂ ಊರಿನ ಮನೆಗಳ ತಾರಸಿ ಕಾಣುವಷ್ಟು ಮೇಲೂ ಹೋಗಿರಲಿಲ್ಲ, ಆಕೆ ಎದೆ ಹಿಡಿದುಕೊಂಡು ಕೂತಳು. ಈ ಸಲ ಸ್ವೆಟರು ಮೈಮೇಲೆ ಇರಲಿಲ್ಲ.

ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಹೃದಯದ ಕವಾಟ ಹಾಳಾಗಿದೆ, ಬಹಳ ಹಿಂದಿನದು, ನೋಡೋಣ, ಗುಳಿಗೆ ತಗೊಳ್ಳಲಿ. ಆದರೆ ಎತ್ತರದ ಊರು ಮಾತ್ರ ಕೂಡದು. ಎಷ್ಟು ಎತ್ತರದವರೆಗೆ ಹೋಗಬಹುದು ಅಂತ ಆಕೆ ಕೇಳಿದಳು. ಈಗ ಎಲ್ಲಿದ್ದೀರಿ ಅಂದರು. ಮೂರನೇ ಮಹಡಿ, ಲಿಫ್ಟಿಲ್ಲ ಅಂದೆ. ಅದೇ ಹೆಚ್ಚಾಯಿತು, ಕೆಳಗಿನ ಮನೆ ನೋಡಿಕೊಳ್ಳಿ ಅಂದರು.

ಆಟೋದಲ್ಲಿ ನಾನು ಮುಖ ಆಚೆ ತಿರುಗಿಸಿಕೊಂಡಿದ್ದೆ. ಆಕೆ ನನ್ನ ಮೊಳಕೈ ತಿವಿದಳು.

"ಅಲ್ರೀ, ಇಷ್ಟ್ ದಿನಾ ನಾವು ಶಿಮ್ಲಾದಾಗನ ಇದ್ವಿ. ಗೊತ್ತ ಆಗ್ಲಿಲ್ಲ ನೋಡ್ರಿ."

ಕಡೆಗೂ ಹೋದದ್ದು

ಸಾಲ ಕೊಟ್ಟ ಕಾರ್ಖಾನೆಗಳನ್ನು ಆಗಾಗ ಹೋಗಿ ಕಣ್ಣಾರೆ ನೋಡಿ ಬರುವುದು ಬ್ಯಾಂಕಿನವರ ಕೆಲಸ. ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ನಮ್ಮ ಗಿರಾಕಿಯ ಐಸ್ ಫ್ಯಾಕ್ಟರಿ ಇತ್ತು. ದೋಣಿಗಳಿಗೆ, ಲಾರಿಗಳಿಗೆ ಐಸು ಪುಡಿ ಮಾಡಿ ಕೊಡುವುದು. ನೋಡಿ ಬಂದು, ಅಲ್ಲಿ ಮೊಳಕಾಲುದ್ದ ಐಸಿನ ಪುಡಿ ಬಿದ್ದಿರುತ್ತದೆ ಅಂತ ಊಟಕ್ಕೆ ಕೂತಾಗ ಸುಮ್ಮನೆ ಹೇಳಿದೆ. ಆಕೆ ಸೌಟು ಕೆಳಗಿಟ್ಟಳು. ಅದು ಎಷ್ಟನೇ ಮಹಡಿ ಅಂತ ಕೇಳಿದಳು. ನೆಲಮಟ್ಟ, ಸಮುದ್ರದ ಪಕ್ಕ ಅಂದೆ.

ನಮ್ಮದು ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ಮನೆ. ಮೀನಿನ ಬಂದರಿಗೆ ಆಕೆ ಬರುವುದೆಂದರೇನು? ಆದರೂ ಹೊರಟಳು. ಸೀರೆಯ ಮೇಲೆ ಕೆಂಪು ಸ್ವೆಟರು, ತಲೆಗೆ ಮಂಕಿ ಟೋಪಿ, ಕೈಗೆ ಗವಸು. ಮಧ್ಯಾಹ್ನದ ಉರಿಬಿಸಿಲು. ಆಟೋದವನು ಏನೂ ಕೇಳದೆ ಆಸ್ಪತ್ರೆಯ ದಾರಿ ಹಿಡಿದ. ಅವನನ್ನು ತಿರುಗಿಸಿ ಬಂದರಿಗೆ ಕರೆತರುವಷ್ಟರಲ್ಲಿ ಸಾಕುಬೇಕಾಯಿತು. ಬರಿಮೈಯಲ್ಲಿ ಲುಂಗಿ ಕಟ್ಟಿ ಐಸು ಎಳೆಯುತ್ತಿದ್ದ ಆಳುಗಳು ಮಂಕಿ ಟೋಪಿಯ ಮೇಡಂ ಅವರನ್ನು ನೋಡಿ ಕೆಲಸ ನಿಲ್ಲಿಸಿದರು. ಮಾಲೀಕ ಓಡಿ ಬಂದು ಯಂತ್ರ ನಿಲ್ಲಿಸಿ, ಇಂದಿನ ಇನ್‌ಸ್ಪೆಕ್ಷನ್ ಮೇಡಂ ಅವರದಾ ಅಂತ ಮೆಲ್ಲಗೆ ಕೇಳಿದ. ಹೌದು ಅಂದೆ.

ಆಕೆ ಚಪ್ಪಲಿ ಬಿಟ್ಟಳು. ಐಸಿನ ಗುಡ್ಡೆಯ ಮೇಲೆ ಒಂದು ಕಾಲಿಟ್ಟಳು, ಇನ್ನೊಂದು ಇಟ್ಟಳು. ನಾನು ತೋಳು ಹಿಡಿದಿದ್ದೆ. ಬಿಡ್ರಿ ಅಂದಳು, ಬಿಟ್ಟೆ. ಹಿಡಿ ತುಂಬ ಐಸು ಎತ್ತಿ ನನ್ನ ಮುಖಕ್ಕೇ ಒಗೆದಳು. ಆಳುಗಳೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟು ನಕ್ಕದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ. ನಕ್ಕು ಸುಸ್ತಾಗಿ, ಸೆರಗು ಮೂಗಿಗೆ ಹಿಡಿದು ನನ್ನ ಕಿವಿಯಲ್ಲಿ ಅಂದಳು:

"ಹಿಮಾಲಯ ಇಷ್ಟ್ ಮೀನಿನ ವಾಸನಿ ಹೊಡೀತದಂತ, ಹೋಗಿ ಬಂದವ್ರು ಒಬ್ಬರೂ ಹೇಳಲಿಲ್ಲಲ್ರೀ."

ಅದು ಆಕೆಯ ಕಡೆಯ ಬೇಸಿಗೆ. ಮಳೆಗಾಲ ದಾಟಲಿಲ್ಲ. ಕೆಂಪು ಸ್ವೆಟರನ್ನು ಆಕೆಯ ಜೊತೆಗೇ ಕಳಿಸಿದೆ. ಹೋಗುವ ಊರಲ್ಲಿ ಥಂಡಿ ಇದ್ದರೆ ಇರಲಿ ಅಂತ.

ಮೊನ್ನೆ ಪಕ್ಕದ ಮನೆಯವರು ಶಿಮ್ಲಾಕ್ಕೆ ಹೋಗಿ ಬಂದರು. ಆಲ್ಬಮ್ ತಂದು ಒಂದೊಂದೇ ಫೋಟೋ ತೋರಿಸಿದರು. ಎಲ್ಲ ನೋಡಿದೆ. ಅಲ್ಲಿ ಮೀನಿನ ವಾಸನೆ ಹೇಗಿತ್ತು ಅಂತ ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, ಅಂಥದ್ದೇನೂ ಇರಲಿಲ್ಲ ಅಂದರು.

ಹಾಗಾದರೆ ನೀವು ಬೇರೆ ಯಾವುದೋ ಊರಿಗೆ ಹೋಗಿ ಬಂದಿದ್ದೀರಿ ಅಂದೆ.