ಮೀನು ಕಾಣುವ ಕೂಲಿಂಗ್ ಗ್ಲಾಸ್

ನನಗೆ ಸಂಶಯ ಜಾಸ್ತಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳಬೇಕಾದರೆ ಮೊದಲೇ ಮಾತಾಡಿಕೊಂಡಿರಬೇಕು ಅಂತ ನನ್ನ ಸಂಶಯ. ಕಾಪುವಿನಲ್ಲಿ ನನ್ನದು ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. "ಎಂತ ಮಾಡಲಿಲ್ಲ, ತನ್ನಷ್ಟಕ್ಕೆ ನಿಂತುಹೋಯ್ತು" ಅಂತ ಜನ ತರುವ ಮಿಕ್ಸಿಯನ್ನು ಬಿಚ್ಚಿದರೆ ಒಳಗಿಂದ ಚಮಚದ ತುಂಡು ಬೀಳುತ್ತದೆ. ದಿನಾ ಇದನ್ನೇ ನೋಡುವವನು ಯಾರನ್ನು ನಂಬುವುದು ಹೇಳಿ? ಹಾಗಾಗಿ ನನಗೆ ಇಂಥ ಪ್ರಸಂಗಗಳು ಬೇಡವೆಂದರೂ ಆಗುತ್ತಲೇ ಇರುತ್ತವೆ.

ಪೊರ್ಬುಗಳ ಕಣ್ಣು

ಉದ್ಯಾವರದಲ್ಲಿ ನಮ್ಮ ಮನೆಯ ಹಿಂದೆಯೇ ಹೊಳೆ. ನೆರೆಮನೆಯವರು ಗಲ್ಫಿನಲ್ಲಿ ದುಡಿದು ಬಂದ ಪೊರ್ಬುಗಳು; ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಗೆ ಹಾಗೆ ಕರೆಯುವುದು. ಸಂಜೆ ಇಬ್ಬರೂ ಒಟ್ಟಿಗೆ ಗಾಳ ಹಾಕುತ್ತೇವೆ. ಮೀನು ಮಾತ್ರ ಒಬ್ಬರಿಗೇ.

"ಅಗೋ, ಆ ಕಲ್ಲಿನ ಬಲಬದಿಯಲ್ಲಿ ಒಂದು ಉಂಟು" ಅನ್ನುತ್ತಾರೆ ಪೊರ್ಬುಗಳು. ನಾನು ಕಣ್ಣು ಕಿರಿದು ಮಾಡಿ ನೋಡಿದರೆ ನೀರಿನಲ್ಲಿ ಆಕಾಶ, ತೆಂಗಿನಮರ, ಮತ್ತೆ ನನ್ನದೇ ಮುಖ. ಅವರು ಗಾಳ ಎಸೆಯುತ್ತಾರೆ, ಮೀನು ಬರುತ್ತದೆ. ನಾನು ಎಸೆಯುತ್ತೇನೆ, ಪ್ಲಾಸ್ಟಿಕ್ ಚೀಲ ಬರುತ್ತದೆ.

"ನಿಮಗೆ ಕಾಣುವುದು ನನಗೆ ಯಾಕೆ ಕಾಣುವುದಿಲ್ಲ?" ಅಂತ ಒಂದು ದಿನ ಕೇಳಿಯೇ ಬಿಟ್ಟೆ.

"ಇದು ಪೋಲರೈಸ್ಡ್ ಗ್ಲಾಸ್ ಮಾರಾಯ್ರೆ. ನೀರಿನ ಮೇಲಿನ ಹೊಳಪು ತೆಗೆಯುತ್ತದೆ, ಒಳಗಿನದ್ದು ಕಾಣುತ್ತದೆ. ಹೊಳೆಗೆ ಕಂದು ಬಣ್ಣದ್ದು ತೆಗೆದುಕೊಳ್ಳಿ. ಬೂದು ಬಣ್ಣದ್ದು ಸಮುದ್ರಕ್ಕೆ ಒಳ್ಳೆಯದು" ಅಂದರು.

ನನಗೆ ಮೈಯೆಲ್ಲ ಸಂಶಯ. ಗಾಳ ಹಾಕುವವನು ಇನ್ನೊಬ್ಬನಿಗೆ ಇಷ್ಟು ಸಲೀಸಾಗಿ ಗುಟ್ಟು ಬಿಟ್ಟುಕೊಡುವುದುಂಟೇ? "ಒಮ್ಮೆ ಕೊಡಿ ನೋಡುವ" ಅಂತ ಅವರದ್ದನ್ನೇ ಇಸಿದುಕೊಂಡು ಹಾಕಿದೆ. ಹೊಳೆ ಎದ್ದು ಮುಖದ ಹತ್ತಿರ ಬಂತು, ದಡ ದೂರ ಹೋಯಿತು, ನಾನು ಸೊಂಟದವರೆಗೆ ನೀರಿನಲ್ಲಿದ್ದೆ.

"ಅಯ್ಯೋ, ಅದರಲ್ಲಿ ಪವರ್ ಉಂಟು ಅಂತ ಹೇಳಲಿಕ್ಕೆ ಮರೆತೆ" ಅಂದರು ಪೊರ್ಬುಗಳು, ಕನ್ನಡಕವನ್ನು ಮಾತ್ರ ಮೇಲೆತ್ತಿಕೊಂಡು.

ಒಂದೇ ಜಾತಿ

ಅದೇ ವಾರ ಬೆಳ್ಮಣ್ಣಿನಿಂದ ಬಾವನ ಫೋನು. ಬಾವ ಎಂದರೆ ನನ್ನ ಹೆಂಡತಿಯ ಅಣ್ಣ. ನನ್ನ ಗಾಳದ ಹುಚ್ಚು ಅವನಿಗೆ ಯಾವತ್ತೂ ತಮಾಷೆಯ ವಸ್ತು.

"ಆದಿತ್ಯವಾರ ನಾವು ಬರುತ್ತೇವೆ. ನೀವು ಹಿಡಿದ ಮೀನು ಇವತ್ತಿನವರೆಗೆ ಯಾರೂ ಕಂಡದ್ದಿಲ್ಲ ಬಾವ. ಕೋಳಿ ತಂದಿಡಲಿಕ್ಕೆ ತಂಗಿಗೆ ಹೇಳಿ."

ನನಗೆ ಪಿತ್ತ ನೆತ್ತಿಗೇರಿತು. "ಕೋಳಿ ಬೇಡ. ನಾನೇ ಹಿಡಿದ ಮೀನಿನ ಸಾರು ನಿಮ್ಮ ಬಟ್ಟಲಿಗೆ ಬೀಳದಿದ್ದರೆ ಇನ್ನು ಗಾಳ ಮುಟ್ಟುವುದಿಲ್ಲ!" ಅಂದುಬಿಟ್ಟೆ. ಮಾತು ಕೊಟ್ಟಾಗಿದೆ, ಮರ್ಯಾದೆಯ ಪ್ರಶ್ನೆ. ಮರುದಿನವೇ ಅಂಗಡಿಗೆ ಬಾಗಿಲು ಹಾಕಿ ಉಡುಪಿಗೆ ಹೋದೆ.

ಕನ್ನಡಕದ ಅಂಗಡಿಯವರು ಕಂದು ಬಣ್ಣದ ಒಂದು ಗ್ಲಾಸ್ ಕೊಟ್ಟರು. "ಇದು ಅಸಲಿ ಅಂತ ಎಂತ ಗ್ಯಾರಂಟಿ?" ಅಂದೆ. ಅವರು ಒಂದು ಕಾರ್ಡ್ ತೆಗೆದು ಮುಂದೆ ಹಿಡಿದರು. ಬರಿಗಣ್ಣಿಗೆ ಖಾಲಿ ಕಾರ್ಡ್. ಗ್ಲಾಸ್ ಹಾಕಿ ನೋಡಿದರೆ ಅದರಲ್ಲಿ ಚಂದದ ಒಂದು ಮೀನು!

"ನೋಡಿ ಸರ್, ಪೋಲರೈಸ್ಡ್ ಆದರೆ ಮಾತ್ರ ಇದು ಕಾಣುವುದು."

ನಾನು ಗ್ಲಾಸ್ ತೆಗೆದು ಒಳಗೆಲ್ಲ ಉಗುರಿನಿಂದ ಕೆರೆದು ನೋಡಿದೆ, ಮೀನಿನ ಚಿತ್ರ ಅಂಟಿಸಿದ್ದಾರೋ ಅಂತ. ಏನೂ ಏಳಲಿಲ್ಲ. ಇನ್ನೊಂದು ಹಾಕಿದೆ, ಅದೇ ಮೀನು. ಮತ್ತೊಂದು ಹಾಕಿದೆ, ಅದೇ ಮೀನು, ಅದೇ ಜಾಗದಲ್ಲಿ.

ಈ ನಡುವೆ ಗಂಟೆ ಎಷ್ಟಾಯಿತೆಂದು ನೋಡಲು ಮೊಬೈಲ್ ತೆಗೆದರೆ ಪರದೆ ಕಪ್ಪು. "ನಿಮ್ಮ ಕನ್ನಡಕ ನನ್ನ ಫೋನ್ ಸುಟ್ಟಿತು!" ಅಂತ ಬೊಬ್ಬೆ ಹಾಕಿದೆ. "ಫೋನ್ ಅಡ್ಡ ತಿರುಗಿಸಿ ಸರ್" ಅಂದರು. ತಿರುಗಿಸಿದೆ, ಬೆಳಗಿತು. "ಅಸಲಿ ಆದರೆ ಹಾಗೇ ಆಗುವುದು" ಅಂದರು. ಕೆಟ್ಟರೆ ಅಸಲಿ ಅಂತ ಹೇಳುವ ಅಂಗಡಿಯನ್ನು ನಾನು ಅಲ್ಲಿಯವರೆಗೆ ಕಂಡದ್ದಿಲ್ಲ.

ಕೊನೆಗೆ ಮೊದಲನೆಯದ್ದನ್ನೇ ಆರಿಸಿದೆ. ಹೊರಡುವಾಗ ಮನಸ್ಸು ತಡೆಯದೆ ಕೇಳಿದೆ, "ಎಲ್ಲದರಲ್ಲೂ ಒಂದೇ ಮೀನು ಕಾಣುತ್ತದಲ್ಲ, ಇದರಲ್ಲಿ ಬೇರೆ ಜಾತಿಯ ಮೀನು ಕಾಣುವುದಿಲ್ವಾ?"

ಅಂಗಡಿಯವರು ಬಿಲ್ ಜೊತೆಗೆ ಕಣ್ಣಿನ ಡಾಕ್ಟರ ವಿಳಾಸವನ್ನೂ ಕೊಟ್ಟರು.

ಬಸ್ಸಿನಲ್ಲಿ

ಹೊಸ ಗ್ಲಾಸ್ ಹಾಕಿಕೊಂಡೇ ಬಸ್ ಹತ್ತಿದೆ. ನಮ್ಮ ಕಡೆ ಬಸ್ಸಿನೊಳಗೆ ಕಪ್ಪು ಕನ್ನಡಕ ಹಾಕುವವರು ಎರಡೇ ಜಾತಿ: ಕಣ್ಣುಬೇನೆ ಬಂದವರು, ಪೊರೆಯ ಆಪರೇಷನ್ ಆದವರು. ಪಕ್ಕದಲ್ಲಿದ್ದವನು ನನ್ನನ್ನು ಒಮ್ಮೆ ನೋಡಿದ, ಮೂಗಿಗೆ ಕರ್ಚೀಫು ಹಿಡಿದು ಎದ್ದುಹೋದ. ಕಣ್ಣುಬೇನೆಗೆ ಮೂಗು ಮುಚ್ಚಿ ಎಂತ ಪ್ರಯೋಜನ?

ಆ ಜಾಗದಲ್ಲಿ ಒಬ್ಬರು ಹಿರಿಯ ಹೆಂಗಸು ಬಂದು ಕೂತರು. ಬೆಳ್ಮಣ್ಣಿನವರು, ಬಾವನ ಮನೆಯ ನೆರೆಯವರು.

"ಎಂತ, ಆಪರೇಷನಾ?"

ಯಾಕೆ ಕೇಳುತ್ತಾರೆ ಅಂತ ನನಗೆ ಸಂಶಯ. ಮೀನು ನೋಡಲಿಕ್ಕೆ ಅಂದರೆ ಯಾವ ಹೊಳೆ, ಯಾವ ಗುಂಡಿ ಅಂತ ಕೇಳುವವರು. ನಾಳೆ ಇಡೀ ಊರೇ ಗಾಳ ಹಿಡಿದು ಅಲ್ಲಿರುತ್ತದೆ. "ಹ್ಞೂಂ" ಅಂದೆ.

"ಎಲ್ಲಿ, ಮಣಿಪಾಲದಲ್ಲಾ?"

"ಹ್ಞೂಂ."

"ಒಂದೇ ಕಣ್ಣಾ, ಎರಡೂವಾ?"

"ಎರಡೂ" ಅಂದೆ. ಪಾಪ, ನಾನು ಇಳಿಯುವಾಗ ಕೈಹಿಡಿದು ಇಳಿಸಿ, "ಚರಂಡಿ ಉಂಟು, ಜಾಗ್ರತೆ" ಅಂತಲೂ ಹೇಳಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ವಯಸ್ಸಿನಲ್ಲಿ ಕೂಲಿಂಗ್ ಗ್ಲಾಸಾ? ಯಾರು ನೋಡಲಿಕ್ಕೆ?"

"ಮೀನು ನೋಡಲಿಕ್ಕೆ."

"ಮೀನಿಗೆ ಹೆಸರು ಉಂಟಾ?" ಅಂದಳು.

ಆದಿತ್ಯವಾರದ ಊಟ

ಪೊರ್ಬುಗಳು ನನ್ನ ಮೀನಿಗೆ ಅಡ್ಡ ಬಂದರೆ ಅಂತ ಸಂಶಯ ಬಂದು, ಬೆಳಿಗ್ಗೆ ಅವರು ಮನೆಮಂದಿಯೊಂದಿಗೆ ಇಗರ್ಜಿಯ ಪೂಜೆಗೆ ಹೋಗುವುದನ್ನೇ ಕಾದು ಒಬ್ಬನೇ ಹೊಳೆಗಿಳಿದೆ. ಗ್ಲಾಸ್ ಹಾಕಿ ನೀರು ನೋಡಿದೆ. ಏನು ಹೇಳಲಿ! ಆಕಾಶ ಮಾಯ, ತೆಂಗಿನಮರ ಮಾಯ. ತಳದ ಕಲ್ಲು, ಕಲ್ಲಿನ ಸಂದಿನಲ್ಲಿ ಮೊಳಕೈ ಉದ್ದದ ಒಂದು ಕೆಂಬೇರಿ ಮೀನು! ಖುಷಿಯಲ್ಲಿ ಅಲ್ಲೇ ಕುಣಿದೆ. ಅದು ನನ್ನನ್ನು ನೋಡಿ ಒಳಗೆ ಸರಿಯಿತು. ಅದಕ್ಕೂ ನನ್ನ ಮೇಲೆ ಸಂಶಯ! ಮೊಣಕಾಲೂರಿ, ಉಸಿರು ಹಿಡಿದು, ಗಾಳಕ್ಕೆ ಸಿಗಡಿ ಸಿಕ್ಕಿಸಿ ಸಂದಿನ ಬಾಯಿಗೇ ಬಿಟ್ಟೆ. ಎಳೆಯಿತು ನೋಡಿ, ಕೈ ಕಿತ್ತುಬರುವ ಹಾಗೆ! ಮೀನು ದಡಕ್ಕೆ ಬಂದಾಗ ಅಳುವೇ ಬಂತು. ಸಿಗಡಿ ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡೆ, ಉರಿ ಅಂದರೆ ಉರಿ. ಆದರೆ ನಾನು ಗೆದ್ದಿದ್ದೆ.

ಮಧ್ಯಾಹ್ನ ಬಾವ, ಅತ್ತಿಗೆ ಬಂದರು. ಕೈಯಲ್ಲಿ ಮೂಸಂಬಿ, ಎಳನೀರು. ಮುಖ ಸಣ್ಣದಾಗಿತ್ತು.

"ಇಷ್ಟು ದೊಡ್ಡ ಆಪರೇಷನ್ ಆಗಿದೆ, ನಮಗೆ ಒಂದು ಮಾತು ಹೇಳಬಾರದಾ?" ಅಂದ ಬಾವ.

"ಆಪರೇಷನ್ ಎಲ್ಲ ಆಗಲಿಲ್ಲ ಮಾರಾಯ್ರೆ!"

"ಬಸ್ಸಿನಲ್ಲಿ ನೀವೇ ಹೇಳಿದ್ದಂತೆ, ಎರಡೂ ಕಣ್ಣು ಅಂತ."

ಕಣ್ಣುರಿಗೆಂದು ಹಾಕಿಕೊಂಡೇ ಇದ್ದ ಗ್ಲಾಸ್ ಕಿತ್ತು ತೆಗೆದು, "ನೋಡಿ!" ಅಂದೆ. ಕಣ್ಣು ಕೆಂಪು ದಾಸವಾಳದ ಹಾಗಿತ್ತು. "ಅಯ್ಯೋ ಹಾಕಿಕೊಳ್ಳಿ, ಗಾಳಿ ತಾಗುತ್ತದೆ!" ಅಂತ ಅತ್ತಿಗೆ ತಾನೇ ಗ್ಲಾಸ್ ಏರಿಸಿದರು. ಮತ್ತೆ ನನ್ನ ಹೆಂಡತಿಗೆ, "ನಿನಗೂ ಹೇಳಲಿಲ್ವಾ?" ಅಂದರು.

ಹೆಂಡತಿ ನನ್ನನ್ನೇ ನೋಡಿದಳು. "ಮೊನ್ನೆ ಅಂಗಡಿ ಮುಚ್ಚಿ ಉಡುಪಿಗೆ ಹೋದವರು ಬರುವಾಗ ಸಂಜೆಯಾಗಿತ್ತು. ಚೀಲದಲ್ಲಿ ಕಣ್ಣಿನ ಡಾಕ್ಟರ ವಿಳಾಸವೂ ಇತ್ತು" ಅಂದಳು. ಮುಗಿಯಿತು.

ಎಲೆ ಹಾಕಿದರು. ನಾನು ಮೀನಿಗೆ ಕೈಚಾಚಿದರೆ ಅತ್ತಿಗೆ ಬಟ್ಟಲನ್ನೇ ಎತ್ತಿದರು. "ಆಪರೇಷನ್ ಆದವರಿಗೆ ಮೀನು ನಂಜು. ಕೀವು ಆಗುತ್ತದೆ." ನನ್ನ ಮುಂದೆ ಗಂಜಿ, ಒಂದು ಚಮಚ ತುಪ್ಪ. ನನ್ನ ಕೆಂಬೇರಿಯ ತಲೆಯನ್ನು ಬಾವ ಲೊಚಲೊಚ ಚೀಪುತ್ತಿದ್ದ.

"ಮೀನು ಭಾರೀ ತಾಜಾ. ಮಲ್ಪೆಯಿಂದ ತರಿಸಿದ್ದಾ?"

"ನಾನು ಹಿಡಿದದ್ದು!" ಅಂತ ಕಿರುಚಿದೆ. "ಇವತ್ತು ಬೆಳಿಗ್ಗೆ, ಇದೇ ಹೊಳೆಯಲ್ಲಿ, ಈ ಕೈಯಿಂದ! ಕೇಳಿ ಬೇಕಾದರೆ ಇವಳನ್ನು!"

ಹೆಂಡತಿ ಸೌಟು ಹಿಡಿದು ಸ್ವಲ್ಪ ಯೋಚಿಸಿದಳು. "ಬೆಳಿಗ್ಗೆ ಗಾಳ ಹಿಡಿದು ಹೋದದ್ದು ಹೌದು. ಬರುವಾಗ ಮೀನು ಇದ್ದದ್ದೂ ಹೌದು. ನಡುವೆ ಎಂತ ಆಯಿತು ಅಂತ ನಾನು ಹೇಗೆ ಹೇಳುವುದು?"

ಬಾವ ಕೈತೊಳೆದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಬಾವ. ಮೊದಲು ಕಣ್ಣು ಗುಣವಾಗಲಿ. ಮೀನು ಹಿಡಿಯುವುದು ಹೇಗೆ ಅಂತ ನಾನೇ ಬಂದು ಕಲಿಸಿಕೊಡುತ್ತೇನೆ."