ಪದ ಹೇಳದೆ ಹೇಳುವ ಆಟ

ತುಮಕೂರಿನಲ್ಲಿ ಕಿರಾಣಿ ಅಂಗಡಿ ಇಟ್ಟು, ಏನೂ ಬೇಡ ಅಂದವರ ಕೈಗೂ ಚೀಲ ಹಿಡಿಸಿ ಕಳಿಸುವ ಬಾಯಿ ನನ್ನದು. ಆದರೆ ನೆಂಟರು ಸೇರಿ ಪದದ ಆಟ ಶುರು ಮಾಡಿದರೆ ಸಾಕು, ಪ್ರತಿ ಸಲ ಮಾನ ಕಳೆಯುವುದೂ ಇದೇ ಬಾಯಿ. ಆಟ ಸುಲಭ. ಎರಡು ತಂಡ. ಒಬ್ಬರು ಚೀಟಿ ಎತ್ತಿ, ಅದರಲ್ಲಿರುವ ಪದ ಹೇಳದೆ ಸುಳಿವು ಕೊಡಬೇಕು. ಒಂದು ನಿಮಿಷದೊಳಗೆ ಅವರ ತಂಡದವರು ಅದನ್ನು ಕಂಡುಹಿಡಿಯಬೇಕು.

ಗುಬ್ಬಿಯಲ್ಲಿ

ತಂಗಿ ಮನೆ. ನನಗೆ ಬಂದದ್ದು 'ಬೆಲ್ಲ'. ದಿನಾ ಮಾರುವ ಮಾಲು, ಗೆದ್ದೆ ಅಂದುಕೊಂಡೆ.

"ನಮ್ಮ ಅಂಗಡೀಲಿ ಯಾವಾಗ್ಲೂ ಇರುತ್ತೆ, ಏನು?"

"ಇಲಿ," ಅಂದಳು ತಂಗಿ.

"ಅಲ್ಲ ಕಣೇ, ಗಿರಾಕಿಗಳು ಅದಕ್ಕೇ ಬರೋದು."

ತಂಗಿ ಗಂಡ ಯೋಚಿಸಿ ಹೇಳಿದರು, "ವಾಪಸ್ ಕೊಡೋಕೆ."

'ಸಿಹಿ' ಎಂಬ ಒಂದು ಮಾತು ಸಾಕಿತ್ತು. ಅದು ಹೊಳೆದಾಗ ನಾನು ತುಮಕೂರಿನ ಬಸ್ಸಿನಲ್ಲಿದ್ದೆ.

ಸದಾಶಿವನಗರದಲ್ಲಿ

ತುಮಕೂರಿನಲ್ಲೇ ಇರುವ ನಮ್ಮ ಮನೆ. ಚೀಟಿಯಲ್ಲಿ 'ಸೂಜಿ'. ದೀಪ ಹಚ್ಚಿದ ಮೇಲೆ ಸೂಜಿ ಮಾರಬಾರದು ಅನ್ನುವುದು ನಮ್ಮಪ್ಪನ ಕಾಲದಿಂದ ಅಂಗಡಿಯಲ್ಲಿ ನಡೆದುಬಂದ ಪದ್ಧತಿ. ಮನೆಯವರಿಗೆ ಗೊತ್ತಿರುತ್ತೆ ಅಂತ ಕೇಳಿದೆ, "ದೀಪ ಹಚ್ಚಿದ ಮೇಲೆ ನಾನು ಯಾರಿಗೂ ಕೊಡಲ್ಲ, ಏನು?"

"ಚಿಲ್ಲರೆ," ಅಂದ ಮಗ.

"ಅಲ್ಲ ಕಣೋ, ಎಷ್ಟು ಕೇಳಿದ್ರೂ ಕೊಡಲ್ಲ."

"ಬಿಲ್ಲು," ಅಂದಳು ಸೊಸೆ.

ಮಗಳು ಅಲ್ಲೇ ತೀರ್ಪು ಕೊಟ್ಟಳು, "ಅಪ್ಪ, ಇನ್ನೊಂದ್ಸಲ ಸೋತ್ರೆ ನಿಮ್ಮನ್ನ ಟೀಮಿಂದ ತೆಗೀತೀವಿ. ಗಡಿಯಾರ ನೋಡ್ಕೊಂಡು ಕೂತಿರಿ."

"ಊಟಕ್ಕೆ ಬರೋ ಹೊತ್ತು ನೋಡಿದ್ರೆ ಇವರಿಗೆ ಅದೂ ಬರಲ್ಲ ಕಣೇ," ಅಂದಳು ನನ್ನ ಹೆಂಡತಿ.

ಕುಣಿಗಲ್ಲಿನಲ್ಲಿ

ಮಗಳನ್ನು ಕೊಟ್ಟ ಮನೆ. ಬೀಗರ ಎದುರಿಗೆ ತಂಡದಿಂದ ತೆಗೆಸಿಕೊಂಡರೆ ಇನ್ನೇನು ಉಳಿಯಿತು? ನಾನು, ಹೆಂಡತಿ, ಬೀಗಿತ್ತಿ ಒಂದು ತಂಡ. ಎರಡೂ ಕಡೆ ಸಮಸಮ ಆಗಿ, ಕೊನೇ ಚೀಟಿ ಹೆಂಡತಿ ಕೈಗೆ ಬಂತು. ಓದಿ ನಕ್ಕಳು. ನನ್ನತ್ತ ಬೆರಳು ಮಾಡಿ, "ನಮ್ಮನೇವ್ರು," ಅಂದಳು.

ನನಗೆ ಹೊಳೆದುಬಿಟ್ಟಿತು. ಮದುವೆಯಾದಾಗಿನಿಂದ ಅವಳು ನನ್ನ ಹೆಸರು ಹೇಳಿದವಳಲ್ಲ. ಒಮ್ಮೆ ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದಾಗ, "ರಾತ್ರಿ ಆಕಾಶದಲ್ಲಿ ಇರ್ತಾರಲ್ಲ, ಅವ್ರು," ಅಂದು, ಅಲ್ಲಿಯವರಿಂದ ಸಂತಾಪ ಹೇಳಿಸಿಕೊಂಡು ಬಂದಿದ್ದಳು.

ಎದ್ದು ನಿಂತು, "ಚಂದ್ರ," ಅಂದೆ.

"ಅಲ್ಲ."

"ಚಂದ್ರಪ್ಪ."

"ಸುಮ್ನೆ ಕೂತ್ಕೊಳ್ರೀ."

ನಿಮಿಷ ಮುಗಿಯುತ್ತಿತ್ತು. ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ಮೆಲ್ಲಗೆ, "ಗೊರಕೆನಾ?" ಅಂದರು.

ಗೆದ್ದೆವು. ತಂಡದಲ್ಲಿ ನನ್ನ ಜಾಗವೂ ಉಳಿಯಿತು. ಆದರೂ ನನ್ನಿಂದ ಏನೂ ಆಗಲಿಲ್ಲವಲ್ಲ ಅಂತ ಮುಖ ಸಪ್ಪೆ ಮಾಡಿಕೊಂಡೆ. ಬೀಗರು ಭುಜ ತಟ್ಟಿ ಸಮಾಧಾನ ಹೇಳಿದರು:

"ಹಾಗನ್ಬೇಡಿ ಬೀಗ್ರೆ. ಮಧ್ಯಾಹ್ನ ಊಟ ಆದ್ಮೇಲೆ ನಮ್ಮ ಹಾಲ್‌ನಲ್ಲಿ ಮಲಗಿ, ಬೀದಿಗೆಲ್ಲ ಕೇಳೋ ಹಾಗೆ ಸುಳಿವು ಕೊಟ್ಟೋರು ನೀವೇ ತಾನೆ."